ಬೇಲಿ ಹಾಕದ ಊರು ಲ್ಯಾಕ್ಸ್‌ಟನ್

ಇಂಗ್ಲೆಂಡಿನ ಹಳ್ಳಿನಾಡನ್ನು ರೈಲಿನ ಕಿಟಕಿಯಿಂದ ನೋಡುವವರಿಗೆ ಎದ್ದು ಕಾಣುವುದು ಬೇಲಿ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಉತ್ತರಕ್ಕೆ ಹೊರಟು ಊರ ಹೊರವಲಯ ದಾಟಿದ ಮೇಲೆ ಉದ್ದಕ್ಕೂ ಅದೇ ನೋಟ: ಹಸಿರು ಹೊಲ, ಅದರ ಸುತ್ತ ಮುಳ್ಳುಗಿಡದ ಬೇಲಿ, ಬೇಲಿಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಓಕ್ ಮರ, ಮತ್ತೆ ಹೊಲ, ಮತ್ತೆ ಬೇಲಿ. ಚೆಂದವೇ. ಈ ನಾಡು ಮೊದಲಿನಿಂದಲೂ ಹೀಗೇ ಇತ್ತೇನೋ ಅನ್ನಿಸುವಷ್ಟು ಚೆಂದ. ಆದರೆ ಮಧ್ಯ ಇಂಗ್ಲೆಂಡಿನ ಈ ಬೇಲಿಗಳಲ್ಲಿ ಬಹಳಷ್ಟು ಈಚಿನ ಮುನ್ನೂರು ವರ್ಷಗಳಲ್ಲಿ ನೆಟ್ಟವು. ಅದಕ್ಕೆ ಮೊದಲು ಇಲ್ಲಿನ ಎಷ್ಟೋ ಊರುಗಳಲ್ಲಿ ಹೊಲವೆಂದರೆ ಬಟಾಬಯಲು. ಊರಿನ ಎಲ್ಲ ಒಕ್ಕಲುಗಳ ಪಾಲೂ ಆ ಬಯಲಿನೊಳಗೆ ಪಟ್ಟಿಪಟ್ಟಿಯಾಗಿ ಚದುರಿಕೊಂಡಿರುತ್ತಿತ್ತು.

ಆ ಬಯಲನ್ನು ಒಡೆದು ಬೇಲಿ ಹಾಕಿಸಿದ್ದು ಪಾರ್ಲಿಮೆಂಟಿನ ಕಾಯ್ದೆಗಳು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳಾದವು. ಅವುಗಳ ಕೆಳಗೆ ಬಂದ ಭೂಮಿ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕೂ ತುಸು ಹೆಚ್ಚು. ದೊಡ್ಡ ಹಿಡುವಳಿದಾರರಿಗೆ ಒಂದೇ ಕಡೆ ಒಟ್ಟಾದ ಹೊಲ ಸಿಕ್ಕಿತು, ಇಳುವರಿಯೂ ಏರಿತು. ಊರ ಹುಲ್ಲುಗಾವಲಿನಲ್ಲಿ ಒಂದು ಹಸು ಮೇಯಿಸಿಕೊಂಡು, ಸೌದೆ ಆಯ್ದುಕೊಂಡು ಬದುಕುತ್ತಿದ್ದ ಬಡವರಿಗೆ ಆ ಹಸುವನ್ನು ಕಟ್ಟುವ ಜಾಗವೂ ಉಳಿಯಲಿಲ್ಲ. ಹೆಲ್ಪ್‌ಸ್ಟನ್ ಎಂಬ ಹಳ್ಳಿಯ ಕೂಲಿಕಾರನ ಮಗ, ಕವಿ ಜಾನ್ ಕ್ಲೇರ್, ತನ್ನೂರಿಗೆ 1809ರ ಕಾಯ್ದೆ ಬಂದು ಬಯಲು ಮುಚ್ಚಿಹೋದುದನ್ನು ಬದುಕಿಡೀ ಮರೆಯಲಿಲ್ಲ.

ಆ ಕಾಯ್ದೆಗಳ ಕೈಗೆ ಸಿಗದೆ ಉಳಿದ ಒಂದು ಊರು ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯಲ್ಲಿದೆ. ಹೆಸರು ಲ್ಯಾಕ್ಸ್‌ಟನ್. ಡೆವನ್ನಿನ ಬ್ರಾಂಟನ್‌ನಂಥ ಕಡೆ ಬೇಲಿಯಿಲ್ಲದ ಹಳೆಯ ಹೊಲದ ಆಕಾರ ಉಳಿದಿದೆ ನಿಜ. ಆದರೆ ಮೂರು ಹೊಲಗಳ ಸರದಿ ಬೇಸಾಯ ಮತ್ತು ಅದನ್ನು ನಡೆಸುವ ಊರಿನ ಕೋರ್ಟು, ಎರಡೂ ಒಟ್ಟಿಗೆ ಉಳಿದು ಇಂದಿಗೂ ಕೆಲಸ ಮಾಡುತ್ತಿರುವುದು ಈ ಊರಿನಲ್ಲಿ ಮಾತ್ರ. ವರ್ಷಕ್ಕೊಮ್ಮೆ, ನವೆಂಬರ್ ಕೊನೆಯ ಹೊತ್ತಿಗೆ, ಊರಿನ ಜ್ಯೂರಿ ಹೊಲಕ್ಕಿಳಿದು ಸರಹದ್ದು ನೋಡುತ್ತದೆ. ಅದನ್ನು ಕಣ್ಣಾರೆ ಕಾಣಬೇಕೆಂದು ನಾನು ಹೊರಟದ್ದು.

ನ್ಯೂಆರ್ಕ್ ನಿಲ್ದಾಣದಲ್ಲಿ ಇಳಿದೆ. ಟ್ರೆಂಟ್ ನದಿಯ ದಂಡೆಯಲ್ಲಿ ಅರ್ಧ ಕುಸಿದ ಕೋಟೆ. ದೊರೆ ಜಾನ್ 1216ರಲ್ಲಿ ಪ್ರಾಣ ಬಿಟ್ಟದ್ದು ಇದರೊಳಗೆ. ಅಲ್ಲಿಂದ ಆಲರ್ಟನ್ ಕಡೆಗೆ ಹೋಗುವ ರಸ್ತೆ ಹಿಡಿದು, ನೀಸಾಲ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲಿ ಒಳದಾರಿಗೆ ತಿರುಗಬೇಕು. ಟ್ಯಾಕ್ಸಿಯವರು ಸಕ್ಕರೆ ಗಡ್ಡೆ ತುಂಬಿದ ಒಂದು ಟ್ರೇಲರಿನ ಹಿಂದೆ ನಿಧಾನವಾಗಿ ಸಾಗಿದರು. ಎಡಬಲಕ್ಕೂ ಬೇಲಿ. ಒಂದು ಸಣ್ಣ ಏರು ಹತ್ತಿದ ಮೇಲೆ ಬೇಲಿ ನಿಂತುಹೋಯಿತು. ಕಣ್ಣು ಹಾಯುವಷ್ಟು ದೂರ ಉತ್ತ ಕೆಂಪು ಮಣ್ಣು, ಅದರ ಮೇಲೆ ಈಗಷ್ಟೇ ತಲೆಯೆತ್ತಿದ ಗೋಧಿಯ ಪೈರು, ನಡುವೆ ಹುಲ್ಲಿನ ಒಂದು ಗಾಡಿದಾರಿ. ಬಯಲುಸೀಮೆಯ ಎರೆಹೊಲಗಳನ್ನು ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಬೆಳಗಿನಿಂದ ಬೇಲಿಗಳನ್ನೇ ನೋಡುತ್ತ ಬಂದ ನನಗೆ ಮಾತ್ರ ಬೇರೊಂದು ದೇಶಕ್ಕೆ ಬಂದಂತಾಯಿತು.

ಊರು ಚಿಕ್ಕದು. ಒಂದು ಮುಖ್ಯ ಬೀದಿ, ಅದಕ್ಕೆ ಕೂಡುವ ಒಂದೆರಡು ಕವಲು. ಕೆಂಪು ಇಟ್ಟಿಗೆಯ ಗೋಡೆ, ಕೆಂಪು ಹೆಂಚು. ಹೊಸಬರಿಗೆ ವಿಚಿತ್ರವಾಗಿ ಕಾಣುವುದು ರೈತರ ಮನೆಗಳು ಬೀದಿಯ ಮೇಲೇ ಇರುವುದು. ಇಂಗ್ಲೆಂಡಿನ ಬೇರೆ ಕಡೆ ರೈತನ ಮನೆ ಊರಿನಿಂದ ದೂರ, ಅವನದೇ ಹೊಲದ ನಡುವೆ ಒಂಟಿಯಾಗಿ ನಿಂತಿರುವುದು ಸಾಮಾನ್ಯ. ಬೇಲಿ ಬಂದು ಹೊಲ ಒಂದೆಡೆ ಒಟ್ಟಾದ ಮೇಲೆ ಮನೆಯೂ ಹೊಲಕ್ಕೆ ಹೋಯಿತು. ಇಲ್ಲಿ ಪ್ರತಿಯೊಬ್ಬರ ಹೊಲವೂ ಊರ ನಾಲ್ಕು ದಿಕ್ಕಿಗೆ ಹಂಚಿಹೋಗಿರುವಾಗ ಮನೆ ಊರಲ್ಲೇ ಇರಬೇಕಲ್ಲ. ಎಷ್ಟೋ ಮನೆಗಳ ಪಕ್ಕದ ಗೋಡೆ ಬೀದಿಗೆ, ಮುಖ ಅಂಗಳಕ್ಕೆ. ಅಂಗಳದ ಸುತ್ತ ಕಣಜ, ಕೊಟ್ಟಿಗೆ. ಹಿಂದೆ ಉದ್ದಕ್ಕೆ ಚಾಚಿದ ಹಿತ್ತಿಲು. ಊರೊಳಗೆ ಇಟ್ಟಿಗೆ ಗೋಡೆಯ ಒಂದು ದೊಡ್ಡಿಯೂ ಇದೆ. ಕಂಡವರ ಹೊಲ ಹೊಕ್ಕ ದನಗಳನ್ನು ಹಿಡಿದು ತಂದು ಕೂಡುತ್ತಿದ್ದ, ದಂಡ ಕಟ್ಟಿದ ಮೇಲಷ್ಟೇ ಬಿಡುತ್ತಿದ್ದ ಜಾಗ.

ಸಂತ ಮೈಕೇಲನ ಚರ್ಚಿನಲ್ಲಿ ಎವರಿಂಗ್‌ಹ್ಯಾಮ್ ಮನೆತನದವರ ಸಮಾಧಿಶಿಲ್ಪಗಳಿವೆ. ಕಲ್ಲಿನ ಆ ಮೂರ್ತಿಗಳ ನಡುವೆ ಓಕ್ ಮರದಲ್ಲಿ ಕೆತ್ತಿದ ಒಬ್ಬ ಹೆಂಗಸಿನ ಮೂರ್ತಿಯೂ ಇದೆ. ಆರೇಳು ಶತಮಾನ ಕಳೆದು ಮುಖದ ರೇಖೆಗಳು ಸವೆದಿವೆ. ಜೋಡಿಸಿದ ಕೈಗಳು ಮಾತ್ರ ಗುರುತು ಸಿಗುತ್ತವೆ. ಚರ್ಚಿನಿಂದ ಉತ್ತರಕ್ಕೆ ನಡೆದರೆ ನಾರ್ಮನ್ನರ ಕಾಲದ ಕೋಟೆಯ ಮಣ್ಣುದಿಬ್ಬ. ಶೆರ್ವುಡ್ ಕಾಡಿನ ಮೇಲ್ವಿಚಾರಣೆಯನ್ನು ಪರಂಪರೆಯಿಂದ ಹೊತ್ತಿದ್ದ ಮನೆತನಗಳ ಠಾಣೆ ಇದು. ಈಗ ದಿಬ್ಬದ ಮೇಲೆ ಕಲ್ಲಿನ ಮೇಲೆ ಕಲ್ಲಿಲ್ಲ, ಕುರಿ ಮೇಯುತ್ತವೆ. 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಊರಿನ ಹೆಸರು ಬರುತ್ತದೆ. ಊರ ಅಂಚಿಗೆ ಯಹೂದ್ಯರ ಹತ್ಯಾಕಾಂಡವನ್ನು ನೆನೆಯುವ ಕೇಂದ್ರವೊಂದು 1995ರಲ್ಲಿ ತೆರೆದಿದೆ. ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು, ಇಲ್ಲಿ ಎರಡು ಮಾತಿನಲ್ಲಿ ಮುಗಿಸುವ ವಿಷಯವಲ್ಲ.

ಲ್ಯಾಕ್ಸ್‌ಟನ್ನಿನ ನಿಜವಾದ ಆಸ್ತಿ ಒಂದು ನಕ್ಷೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಊರಿನ ಒಂದೊಂದು ಪಟ್ಟಿಯನ್ನೂ ಅಳೆದು, ಯಾರ ಸ್ವಾಧೀನದಲ್ಲಿ ಎಷ್ಟು ಎಂದು ಪುಸ್ತಕ ಬರೆದು, ಜೊತೆಗೆ ದೊಡ್ಡದೊಂದು ನಕ್ಷೆಯನ್ನೂ ಬಣ್ಣದಲ್ಲಿ ಬರೆದ. ಮೂಲ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ, ಪ್ರತಿಯನ್ನು ಊರಲ್ಲೇ ನೋಡಬಹುದು. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಸಾವಿರಾರು ತೆಳು ಗೆರೆಗಳು. ಒಂದೊಂದು ಗೆರೆಯ ನಡುವೆ ಒಬ್ಬೊಬ್ಬರ ಪಾಲು. ಒಬ್ಬನದೇ ಹೆಸರು ಹತ್ತಾರು ಕಡೆ. ಒಳ್ಳೆಯ ಮಣ್ಣಿನಲ್ಲೊಂದು ಪಟ್ಟಿ, ನೀರು ನಿಲ್ಲುವ ತಗ್ಗಿನಲ್ಲೊಂದು, ದೂರದ ಏರಿನಲ್ಲೊಂದು. ಒಳ್ಳೆಯದೂ ಕೆಟ್ಟದೂ ಒಬ್ಬರ ಪಾಲಿಗೇ ಬೀಳದಂತೆ ನೋಡಿಕೊಂಡ ಹಂಚಿಕೆ. ಖಾಲಿ ಬಿಟ್ಟ ಜಾಗಗಳಲ್ಲಿ ಮಾರ್ಕ್ ಪಿಯರ್ಸ್ ಸುಮ್ಮನೆ ಕೂರಲಿಲ್ಲ. ಉಳುವವರು, ಪೈರು ಕೊಯ್ಯುವವರು, ಮೇಯುವ ದನಕುರಿ, ಬೇಟೆಯಾಡುವವರು ಎಲ್ಲರನ್ನೂ ಬೆರಳುದ್ದಕ್ಕಿಂತ ಚಿಕ್ಕದಾಗಿ ಬರೆದಿಟ್ಟಿದ್ದಾನೆ.

ಈ ಮೋಜಣಿ ಮಾಡಿಸಿದವನು ಆಗ ಊರಿನ ಒಡೆಯನಾಗಿದ್ದ ಸರ್ ವಿಲಿಯಂ ಕೋರ್ಟನ್. ಹೆಸರು ಓದಿದಾಗ ನನ್ನ ಮೈ ಜುಮ್ಮೆಂದಿತು, ಯಾಕೆಂದರೆ ನಾನು ಉತ್ತರ ಕನ್ನಡದವನು. ಕೋರ್ಟನ್ ಫ್ಲಾಂಡರ್ಸಿನಿಂದ ಓಡಿಬಂದ ಪ್ರಾಟೆಸ್ಟಂಟ್ ಕುಟುಂಬದವನು. ರೇಷ್ಮೆ, ನಾರುಬಟ್ಟೆಯ ವ್ಯಾಪಾರದಲ್ಲಿ ಕೈಹತ್ತಿ, ದೊರೆಗಳಿಗೇ ಸಾಲ ಕೊಡುವಷ್ಟು ಬೆಳೆದವನು. ಲ್ಯಾಕ್ಸ್‌ಟನ್ನಿನ ನಕ್ಷೆ ಸಿದ್ಧವಾದ ಅದೇ 1635ರ ಕೊನೆಯಲ್ಲಿ ಅವನ ಕೂಟಕ್ಕೆ ದೊರೆ ಒಂದನೇ ಚಾರ್ಲ್ಸ್ ಪೂರ್ವದೇಶಗಳ ವ್ಯಾಪಾರಕ್ಕೆ ಅಪ್ಪಣೆ ಕೊಟ್ಟ. ಈಸ್ಟ್ ಇಂಡಿಯಾ ಕಂಪನಿ ಎಷ್ಟು ಬೊಬ್ಬೆ ಹಾಕಿದರೂ ಕೇಳಲಿಲ್ಲ. 1636ರಲ್ಲಿ ಕ್ಯಾಪ್ಟನ್ ಜಾನ್ ವೆಡ್ಡಲ್ ಹಡಗುಗಳೊಂದಿಗೆ ಹೊರಟ; ಕೋರ್ಟನ್ ಅದೇ ವರ್ಷ ತೀರಿಕೊಂಡ. ಹಡಗುಗಳು ಗೋವೆ ಮುಟ್ಟಿ, 1637ರ ಮೊದಲಲ್ಲಿ ಭಟ್ಕಳಕ್ಕೆ ಬಂದವು. ಕಾಳುಮೆಣಸಿನ ವ್ಯಾಪಾರ ಕುದುರಿಸಲು ಇಂಗ್ಲಿಷರು ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನನ್ನು ಕಂಡರು. ಆ ಗುಂಪಿನಲ್ಲಿದ್ದ ಪೀಟರ್ ಮಂಡಿ ಬರೆದಿಟ್ಟ ವಿವರಗಳು ಕೆಳದಿ ಅರಸರ ಇತಿಹಾಸ ಬರೆಯುವವರಿಗೆ ಇಂದಿಗೂ ಬೇಕು. 1638ರಲ್ಲಿ ಕಾರವಾರದಲ್ಲಿ ಅವರ ಕೋಠಿ ಎದ್ದಿತು.

ಶಾಲೆಯಲ್ಲಿ ಕಾರವಾರದ ಇಂಗ್ಲಿಷರ ಕೋಠಿಯ ಬಗ್ಗೆ ಎರಡು ಸಾಲು ಓದಿದ್ದವರು ನಾವು. ಆ ಕೋಠಿಯ ಹಿಂದಿದ್ದ ಸಾಹುಕಾರನ ಹೊಲಗಳ ನಕ್ಷೆ ಇಲ್ಲಿ, ನಾಟಿಂಗ್‌ಹ್ಯಾಮ್‌ಶೈರಿನ ಮೂಲೆಯೊಂದರಲ್ಲಿ, ಗೋಡೆಯ ಮೇಲಿತ್ತು. ವ್ಯಾಪಾರ ಅವನ ಮಗನ ಕಾಲಕ್ಕೆ ಮುಳುಗಿತು. ಲ್ಯಾಕ್ಸ್‌ಟನ್ ಕೂಡ ಆ ಮನೆತನದ ಕೈಬಿಟ್ಟು 1640ರ ಹೊತ್ತಿಗೆ ಪಿಯರ್‌ಪಾಂಟ್ ಮನೆತನಕ್ಕೆ ಸೇರಿತು. ಅವರೇ ಮುಂದೆ ಕಿಂಗ್‌ಸ್ಟನ್ನಿನ ಡ್ಯೂಕರು. ಅವರ ಆಸ್ತಿಗೆ ವಾರಸುದಾರರಾಗಿ ಬಂದವರು ಅರ್ಲ್ ಮ್ಯಾನ್ವರ್ಸರು.

ಜ್ಯೂರಿಯ ದಿನ ಬೆಳಿಗ್ಗೆ ಡವ್‌ಕೋಟ್ ಇನ್ ಎಂಬ ಊರ ಪಬ್ಬಿನ ಮುಂದೆ ರೈತರು ಸೇರಿದರು. ರಬ್ಬರ್ ಬೂಟು, ದಪ್ಪ ಜಾಕೆಟ್ಟು, ಕೆಲವರ ಕೈಯಲ್ಲಿ ಸುತ್ತಿಗೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೇಲರಿನಲ್ಲಿ ಗೂಟಗಳ ಕಟ್ಟು. ಜ್ಯೂರಿಗೆ 12 ಮಂದಿ, ಅವರಲ್ಲೊಬ್ಬರು ಮುಖಂಡರು. ನೋಡಲು ಬಂದ ನಮ್ಮಂಥವರು ಹಿಂದೆ ಹಿಂದೆ ನಡೆದುಕೊಂಡು ಹೋಗಬಹುದು, ಯಾರೂ ಬೇಡ ಅನ್ನುವುದಿಲ್ಲ.

ಊರಿಗೆ ಮೂರು ಹೊಲ: ದಕ್ಷಿಣದ ಹೊಲ, ಪಶ್ಚಿಮದ ಹೊಲ, ಗಿರಣಿ ಹೊಲ. ಒಂದರಲ್ಲಿ ಚಳಿಗಾಲಕ್ಕೆ ಮುನ್ನ ಬಿತ್ತುವ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ, ಮೂರನೆಯದಕ್ಕೆ ಬಿಡುವು. ಮುಂದಿನ ವರ್ಷ ಸರದಿ ಬದಲು. ಹಿಂದೆ ಮೂರನೆಯ ಹೊಲವನ್ನು ಪೂರ್ತಿ ಬೀಳು ಬಿಡುತ್ತಿದ್ದರು, ಈಗ ಮೇವು ಬೆಳೆಯಲು ಅವಕಾಶವಿದೆ. ಯಾರಿಗೂ ತನ್ನ ಪಟ್ಟಿಯಲ್ಲಿ ತನಗೆ ಬೇಕಾದ್ದನ್ನು ಬೇಕಾದಾಗ ಬಿತ್ತುವ ಸ್ವಾತಂತ್ರ್ಯವಿಲ್ಲ. ಹೊಲ ಗೋಧಿಗೆಂದಾದರೆ ಎಲ್ಲರೂ ಗೋಧಿಯೇ. ಜ್ಯೂರಿ ನೋಡುವುದು ಆ ವರ್ಷ ಗೋಧಿ ಬಿತ್ತಿದ ಹೊಲವನ್ನು. ಬಿತ್ತನೆ ಆಗಷ್ಟೇ ಮುಗಿದಿರುತ್ತದೆ. ಯಾರ ನೇಗಿಲು ಎಲ್ಲಿ ದಾರಿಗೆ ನುಗ್ಗಿದೆ, ಎಲ್ಲಿ ಹುಲ್ಲುಬೀಳನ್ನು ತಿಂದಿದೆ ಎಂಬುದು ಮಣ್ಣಿನಲ್ಲಿ ಇನ್ನೂ ಹಸಿಯಾಗಿ ಕಾಣುತ್ತಿರುತ್ತದೆ.

ಮಣ್ಣು ಕೆಂಪು ಜೇಡಿ. ಹತ್ತು ಹೆಜ್ಜೆಗೆ ಬೂಟಿನ ತೂಕ ಎರಡು ಪಟ್ಟಾಗುತ್ತದೆ. ಒಂದು ಪಟ್ಟಿಯ ತುದಿಯಲ್ಲಿ ಗುಂಪು ನಿಂತಿತು. ಮುಖಂಡರು ಬಗ್ಗಿ ಹುಲ್ಲು ಸರಿಸಿ ಹಳೆಯ ಗೂಟದ ತಲೆ ಹುಡುಕಿದರು. ಸಿಕ್ಕಿತು, ಕೊಳೆತಿತ್ತು. ಅದರ ಪಕ್ಕ ನಿಂತು ಒಂದು ಕಣ್ಣು ಮುಚ್ಚಿ, ದೂರದ ತುದಿಯಲ್ಲಿ ಕೈಯೆತ್ತಿ ನಿಂತವನ ನೇರಕ್ಕೆ ನೋಡಿದರು. "ಒಂಚೂರು ಎಡಕ್ಕೆ... ಇಲ್ಲ, ಅತಿಯಾಯ್ತು... ಹಾಂ, ಅಲ್ಲೇ." ಹೊಸ ಗೂಟಕ್ಕೆ ಸುತ್ತಿಗೆ ಬಿತ್ತು. ನೇಗಿಲ ಕೊನೆಯ ಸಾಲು ಗೂಟದಿಂದ ಒಂದು ಗೇಣಿನಷ್ಟು ಹುಲ್ಲಿನ ಕಡೆಗಿತ್ತು. ಎಲ್ಲರೂ ಆ ಸಾಲನ್ನು ನೋಡಿದರು. ಆ ಪಟ್ಟಿಯವರೂ ಗುಂಪಿನಲ್ಲೇ ಇದ್ದರು. "ಮಳೆ ಹಿಡಿದಿತ್ತು, ಕತ್ತಲಾಗಿತ್ತು, ಟ್ರ್ಯಾಕ್ಟರು ತಿರುಗಿಸುವಾಗ ಆಗಿಹೋಯ್ತು," ಅಂದರು. ಯಾರೂ ದನಿ ಏರಿಸಲಿಲ್ಲ, ಯಾರೂ "ಹೋಗಲಿ ಬಿಡಿ" ಅನ್ನಲೂ ಇಲ್ಲ. ಒಬ್ಬರು ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಗುಂಪು ಮುಂದಕ್ಕೆ ಹೋಯಿತು.

ನಮ್ಮ ಊರುಗಳಲ್ಲಿ ಒತ್ತುವರಿ ಎಂದರೆ ತಲೆಮಾರುಗಟ್ಟಲೆ ಮುರಿದ ಮಾತು, ತಾಲ್ಲೂಕು ಕಚೇರಿಗೆ ಅಲೆದಾಟ, ಕೊನೆಗೆ ಕೋರ್ಟು. ಇಲ್ಲಿ ಅದು ಹೊಲದ ತಲೆಯಲ್ಲೇ, ಒತ್ತಿದವನ ಎದುರಿಗೇ, ವರ್ಷ ತಿರುಗುವುದರೊಳಗೆ ಬರಹಕ್ಕೆ ಬಂದುಬಿಡುತ್ತದೆ. ಗೇಣು ಗೇಣಾಗಿ ಬೆಳೆದು ಎಕರೆಯಾಗುವುದಕ್ಕೆ ಆಸ್ಪದವೇ ಸಿಗುವುದಿಲ್ಲ. ಆ ದಿನ ನಾನು ಕಂಡದ್ದರಲ್ಲೆಲ್ಲ ನನಗೆ ದೊಡ್ಡದಾಗಿ ಕಂಡದ್ದು ಇದೇ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಪಬ್ಬಿಗೆ ಮರಳಿದರು. ಅಲ್ಲಿ ಎದುರಿಗೆ ಕೂತ ಹಿರಿಯ ರೈತರೊಬ್ಬರನ್ನು ಕೇಳಿದೆ: ಬೇಲಿ ಹಾಕಿ ಎಲ್ಲ ಒಂದೇ ಕಡೆ ಮಾಡಿಕೊಂಡಿದ್ದರೆ ನಿಮಗೆ ಸುಲಭ ಆಗುತ್ತಿರಲಿಲ್ಲವೇ?

"ಆಗ್ತಿತ್ತು," ಅಂದರು. "ಈಗಿನ ಯಂತ್ರಗಳು ಈ ಪಟ್ಟಿಗಳಿಗೆಂದು ಮಾಡಿದವಲ್ಲ. ಒಂದು ಪಟ್ಟಿ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಡೀಸೆಲ್ ಸುಟ್ಟಿರುತ್ತೆ. ನಮ್ಮಪ್ಪನೂ ಇದನ್ನೇ ಹೇಳ್ತಿದ್ದ. ಆದರೂ ಅವನು ಜ್ಯೂರಿ ದಿನ ತಪ್ಪಿಸಿದವನಲ್ಲ."

ಹೊಲದಲ್ಲಿ ಬರೆದುಕೊಂಡದ್ದು ಒಂದು ವಾರದ ನಂತರ ಊರಿನ ಕೋರ್ಟಿಗೆ ಬರುತ್ತದೆ. ಅದೂ ಇದೇ ಪಬ್ಬಿನಲ್ಲಿ. ಎಸ್ಟೇಟಿನ ಪರವಾಗಿ ಒಬ್ಬ ವಕೀಲರು ಕೂರುತ್ತಾರೆ. ಜ್ಯೂರಿ ತಪ್ಪುಗಳನ್ನು ಓದಿ ಹೇಳುತ್ತದೆ, ದಂಡ ನಿಗದಿಯಾಗುತ್ತದೆ, ಮುಂದಿನ ವರ್ಷದ ಜ್ಯೂರಿ ಪ್ರಮಾಣವಚನ ತೆಗೆದುಕೊಳ್ಳುತ್ತದೆ. ದಂಡದ ಮೊತ್ತ ಸಣ್ಣದು, ಯಾರ ಜೇಬಿಗೂ ಭಾರವಲ್ಲ. ಊರೆಲ್ಲ ಕೂತಿರುವಾಗ ಹೆಸರು ಓದುತ್ತಾರಲ್ಲ, ಭಾರ ಅದರದು ಎಂದು ಊಟದ ಮೇಜಿನಲ್ಲಿ ಹೇಳಿದರು. ಇಂಥ ಮ್ಯಾನರ್ ಕೋರ್ಟುಗಳು ಒಂದು ಕಾಲಕ್ಕೆ ದೇಶದ ತುಂಬ ಇದ್ದವು. ಬಹುತೇಕ ಎಲ್ಲವೂ ಕೆಲಸವಿಲ್ಲದೆ ಸತ್ತವು. 1977ರ ಕಾಯ್ದೆ ಅವುಗಳ ಉಳಿದ ಅಧಿಕಾರಕ್ಕೂ ಕೊನೆ ಹಾಡಿದಾಗ ಲ್ಯಾಕ್ಸ್‌ಟನ್ನಿನ ಕೋರ್ಟು ಮಾತ್ರ ತನ್ನ ಹೊಲದ ಕೆಲಸವನ್ನು ಮುಂದುವರಿಸಿಕೊಂಡು ಬಂತು, ಯಾಕೆಂದರೆ ಮಾಡಲು ಕೆಲಸವಿದ್ದದ್ದು ಅದಕ್ಕೆ.

ಹಾಗಾದರೆ ಬೇರೆಲ್ಲ ಕಡೆ ಬಂದ ಬೇಲಿ ಇಲ್ಲಿಗೆ ಯಾಕೆ ಬರಲಿಲ್ಲ? ಪುಣ್ಯದ ಕಾರಣವೇನೂ ಅಲ್ಲ. 18ನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿಯೂ ಒಂದಷ್ಟು ಭಾಗಕ್ಕೆ ಬೇಲಿ ಬಿತ್ತು. ಉಳಿದದ್ದಕ್ಕೂ ಹಾಕಬಹುದಿತ್ತು, ಆದರೆ ಊರಿನ ಜಮೀನು ಮುಖ್ಯವಾಗಿ ಇಬ್ಬರು ಅರ್ಲ್‌ಗಳ ನಡುವೆ ಹಂಚಿಹೋಗಿತ್ತು, ಮ್ಯಾನ್ವರ್ಸ್ ಮತ್ತು ಸ್ಕಾರ್‌ಬರೋ. ಅವರಿಬ್ಬರಿಗೆ ಹೊಂದಾಣಿಕೆಯಾಗಲಿಲ್ಲ. ಮುಂದೆ 1870ರ ದಶಕದಿಂದ ಬೇಸಾಯಕ್ಕೇ ಕೆಟ್ಟ ಕಾಲ ಬಂತು, ಬೇಲಿಗೆ ದುಡ್ಡು ಸುರಿಯುವ ಉತ್ಸಾಹ ಯಾರಿಗೂ ಇರಲಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದ್ದರಿಂದ 1635ರ ನಕ್ಷೆಯ ಸಾವಿರಾರು ಗೆರೆಗಳು ಇಂದು ಹೊಲದಲ್ಲಿ ಕಾಣುವುದಿಲ್ಲ. ಬೇಲಿಯಿಲ್ಲದೆ ಉಳಿದಿರುವುದು ಸುಮಾರು 480 ಎಕರೆ. 1938ರಲ್ಲಿ ಆರ್ವಿನ್ ದಂಪತಿ ಈ ಊರನ್ನು ಮುಂದಿಟ್ಟುಕೊಂಡು ಬೇಲಿಯಿಲ್ಲದ ಹೊಲಗಳ ಬಗ್ಗೆ ಪುಸ್ತಕ ಬರೆದ ಮೇಲೆ ವಿದ್ವಾಂಸರ ಕಣ್ಣು ಇತ್ತ ಹೊರಳಿತು.

ಊಟವಾದ ಮೇಲೆ ಮತ್ತೆ ಹೊಲದ ಕಡೆ ಒಬ್ಬನೇ ನಡೆದೆ. ಉಳಲಾಗದ ತಗ್ಗುಗಳಲ್ಲಿ, ಹಳ್ಳದ ದಂಡೆಗಳಲ್ಲಿ ಉದ್ದುದ್ದ ಹುಲ್ಲುಬೀಳುಗಳಿವೆ. ಊರವರು ಇವನ್ನು ಸೈಕ್ ಅನ್ನುತ್ತಾರೆ. ಇವುಗಳನ್ನು ಯಾರೂ ಉಳುವಂತಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಹುಲ್ಲನ್ನು ಊರಲ್ಲೇ ಹರಾಜು ಹಾಕುತ್ತಾರೆ. ರಸಗೊಬ್ಬರ ಕಾಣದ, ಶತಮಾನಗಳಿಂದ ನೇಗಿಲು ತಾಗದ ಈ ಹುಲ್ಲಿನಲ್ಲಿ ಬೇರೆಡೆ ಅಪರೂಪವಾದ ಕಾಡುಹೂಗಳು ಉಳಿದಿವೆ. ಅದಕ್ಕಾಗಿಯೇ ಸರ್ಕಾರ ಇವಕ್ಕೆ ವಿಶೇಷ ರಕ್ಷಣೆ ಕೊಟ್ಟಿದೆ. ನವೆಂಬರಿನಲ್ಲಿ ಹೂವಿಲ್ಲ, ಒಣಗಿದ ಕಡ್ಡಿಗಳಷ್ಟೇ. ಆದರೂ ನನಗೆ ನಮ್ಮ ಗೋಮಾಳಗಳ ನೆನಪಾಗಿ ಸಂಕಟವಾಯಿತು. ನಮ್ಮಲ್ಲೂ ಊರಿಗೊಂದು ಗೋಮಾಳ ದಾಖಲೆಯಲ್ಲಿದೆ. ಎಷ್ಟು ಊರುಗಳಲ್ಲಿ ಅದರ ಗಡಿಕಲ್ಲನ್ನು ವರ್ಷಕ್ಕೊಮ್ಮೆ ಊರವರು ಕೂಡಿ ಹೋಗಿ ನೋಡಿ ಬರುತ್ತಾರೆ?

ಒಡೆಯರು ಬದಲಾಗುತ್ತಲೇ ಬಂದಿದ್ದಾರೆ. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಈ ಪದ್ಧತಿ ಉಳಿಯಲೆಂದು ಎಸ್ಟೇಟನ್ನು ಕೃಷಿ ಸಚಿವಾಲಯಕ್ಕೆ ಮಾರಿದರು. 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಹೋಯಿತು. ಕ್ರೌನ್ ಎಸ್ಟೇಟ್ ಮಾರಾಟಕ್ಕೆ ಹೊರಟಾಗ ಊರಿಗೆ ಆತಂಕ ಕವಿದಿತ್ತು. 2020ರಲ್ಲಿ ಕೊಂಡವರು ಥಾರ್ಸ್‌ಬಿ ಎಸ್ಟೇಟಿನವರು, ಅಂದರೆ ಮ್ಯಾನ್ವರ್ಸ್ ಮನೆತನದ ಕುಡಿಗಳೇ. ಎಸ್ಟೇಟು ಹೀಗೆ ಸುತ್ತು ಹೊಡೆದು ಬಂದರೂ ಹೊಲ ಉಳುವವರು ಗೇಣಿದಾರರು, ಸರಹದ್ದು ನೋಡುವವರೂ ಅವರೇ. ಇದು ಹಳೆಯ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಮಧ್ಯಯುಗದ ಒಕ್ಕಲುಗಳ ಮೇಲೆ ಒಡೆಯನ ಬಿಟ್ಟಿಚಾಕರಿಯ ಹೊರೆ ಇತ್ತು, ಹಸಿವಿತ್ತು. ಆದರೆ ತಮ್ಮ ಹೊಲದ ನಿಯಮವನ್ನು ತಾವೇ ಮಾಡಿ, ತಮ್ಮ ಮೇಲೆ ತಾವೇ ದಂಡ ಹಾಕಿಕೊಳ್ಳುವ ಈ ರೂಢಿ ಅವರ ದುಡಿಮೆಯ ಫಲ. ಅದನ್ನು ಯಾವ ಡ್ಯೂಕನೂ ಕೊಟ್ಟದ್ದಲ್ಲ. ನನ್ನ ಮಟ್ಟಿಗೆ ಇಂಗ್ಲೆಂಡಿನ ಅರಮನೆಗಳಿಗಿಂತ ಇದು ದೊಡ್ಡ ಸ್ಮಾರಕ. ಮುಂದಿನ ತಲೆಮಾರಿನ ಮಕ್ಕಳು ಬೇಸಾಯಕ್ಕೆ ನಿಂತರೆ ಉಳಿಯುತ್ತದೆ, ನಿಲ್ಲದಿದ್ದರೆ ಯಾವ ಎಸ್ಟೇಟೂ ಉಳಿಸಲಾರದು.

ಇಂಗ್ಲೆಂಡಿಗೆ ಮಕ್ಕಳನ್ನೋ ಮೊಮ್ಮಕ್ಕಳನ್ನೋ ನೋಡಲು ಹೋಗುವ ಕನ್ನಡಿಗರು ಈಗ ಬಹಳ. ಲಂಡನ್ನಿನ ಗೋಪುರ, ಸ್ಟ್ರಾಟ್‌ಫರ್ಡು ನೋಡಿ ಬಂದ ಮೇಲೆ ಒಂದು ದಿನ ಲ್ಯಾಕ್ಸ್‌ಟನ್ನಿಗೂ ಇಡಿ. ನ್ಯೂಆರ್ಕಿನವರೆಗೆ ರೈಲಿದೆ, ಅಲ್ಲಿಂದ ಮುಂದೆ ಕಾರೇ ಅನುಕೂಲ. ಹೂ ನೋಡಬೇಕೆಂದರೆ ಜೂನ್ ತಿಂಗಳು, ಜ್ಯೂರಿ ನೋಡಬೇಕೆಂದರೆ ನವೆಂಬರ್ ಕೊನೆಯ ವಾರ. ನವೆಂಬರಿಗಾದರೆ ದಿನಾಂಕವನ್ನು ಮೊದಲೇ ವಿಚಾರಿಸಿಕೊಳ್ಳಿ, ಮೊಣಕಾಲುದ್ದದ ಬೂಟು ಹಾಕಿಕೊಂಡು ಹೋಗಿ.